‘ನಾಯಿ-ಬೆಕ್ಕು ಅಂದ್ರೆ ಇಷ್ಟ, ವೆಟರ್ನರಿ ಓದ್ಲಾ?’

ಮಂಡ್ಯ, ಮದ್ದೂರು ಕಡೆಯ ಹೈಸ್ಕೂಲು ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ಓದಿ. ಆದರೆ ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಕಾಂಬಿನೇಷನ್ ನೋಡಿಕೊಳ್ಳಿ. ಪಿಯುಸಿಯಲ್ಲಿ ಬಯಾಲಜಿ ಇರಲೇಬೇಕು. ಗೆಳೆಯರು ಸೇರಿದರೆಂದು ಬಯಾಲಜಿ ಇಲ್ಲದ ಪಿಸಿಎಂಸಿಗೆ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಸೇರಿದರೆ ಈ ದಾರಿ ಅಲ್ಲಿಗೇ ಮುಗಿಯಿತು.

ರಾಜ್ಯದ ಸೀಟುಗಳನ್ನು ಸಿಇಟಿ ಮೂಲಕ ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಖಿಲ ಭಾರತ ಕೋಟಾದ ಶೇ 15ರಷ್ಟು ಸೀಟಿಗೆ ನೀಟ್ ಬೇಕು. ಬೇಸಾಯಗಾರರ ಮಕ್ಕಳಿಗೆ ಕೃಷಿಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಸಿಇಟಿ ಅರ್ಜಿಯಲ್ಲೇ ಅದನ್ನು ಕೇಳಿಕೊಳ್ಳಬೇಕು. ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಅರ್ಜಿ ತುಂಬಿಸಿದರೆ ಬಿಟ್ಟುಹೋಗುವ ಕಾಲಂ ಇಂಥದ್ದೇ, ಪಕ್ಕದಲ್ಲೇ ಕೂತು ನೋಡಿ. ಕೋರ್ಸು ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ನಮ್ಮ ಕಡೆಯವರಿಗೆ ಹತ್ತಿರದ ಸರ್ಕಾರಿ ಕಾಲೇಜುಗಳು ಹಾಸನ ಮತ್ತು ಬೆಂಗಳೂರಿನ ಹೆಬ್ಬಾಳದವು. ಎರಡೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದವು.

ಇನ್ನು ಇಷ್ಟದ ಮಾತು. ಓದಿನ ಬಹುಪಾಲು ದನ, ಎಮ್ಮೆ, ಕುರಿ, ಕೋಳಿಗಳದ್ದು. ಒಂದು ಕೇಸು ನೋಡಿ. ಹೆಚ್ಚು ಹಾಲು ಕೊಡುವ ಎಚ್‌ಎಫ್ ಮಿಶ್ರತಳಿ ಹಸು, ಕರು ಹಾಕಿ ಎರಡು ದಿನ. ಎದ್ದು ನಿಲ್ಲುತ್ತಿಲ್ಲ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದೆ, ಕಿವಿ ತಣ್ಣಗಿದೆ. ಗಿಣ್ಣುಹಾಲಿಗೆ ಏಕಾಏಕಿ ಕ್ಯಾಲ್ಸಿಯಂ ಹರಿದು ರಕ್ತದಲ್ಲಿ ಅದು ಕುಸಿದಿದೆ. ಹಾಗಾಗಿ ಮಾಂಸಖಂಡಗಳು ಕೆಲಸ ಮಾಡುತ್ತಿಲ್ಲ. ಕತ್ತಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಬೋರೊಗ್ಲುಕೊನೇಟ್ ಕೊಟ್ಟರೆ ಎಷ್ಟೋ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಅದೇ ಬಾಟಲಿಯನ್ನು ಬೇಗ ಬೇಗ ಹರಿಸಿದರೆ ಹೃದಯ ನಿಂತೇಹೋಗಬಹುದು. ಅದಕ್ಕೇ ಒಂದು ಕೈಯಲ್ಲಿ ಬಾಟಲಿ, ಎದೆಗೆ ಸ್ಟೆತಸ್ಕೋಪು. ಬಡಿತದ ಲಯ ತಪ್ಪಿದರೆ ಅಲ್ಲಿಗೇ ತಡೆಯಬೇಕು. ಇಷ್ಟು ಮಾಡಲು ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ), ಫಾರ್ಮಕಾಲಜಿ (ಔಷಧಗಳ ಓದು) ಮೂರೂ ತಲೆಯಲ್ಲಿರಬೇಕು, ಅದೂ ಕೊಟ್ಟಿಗೆಯಲ್ಲಿ, ಟಾರ್ಚ್ ಬೆಳಕಲ್ಲಿ, ಹತ್ತು ಜನ ಸಲಹೆ ಕೊಡುತ್ತಿರುವಾಗ.

ಗರ್ಭ ಪರೀಕ್ಷೆಗೆ ಭುಜದವರೆಗೆ ಗ್ಲೌಸ್ ಹಾಕಿ ಗುದದೊಳಗೆ ಕೈ ಹಾಕುವುದೂ ದಿನದ ಕೆಲಸವೇ. ಹೇಸಿಗೆ ನಾಲ್ಕು ದಿನಕ್ಕೆ ಹೋಗುತ್ತದೆ. ಕಷ್ಟ ಬೇರೆ: ಚಿಕಿತ್ಸೆಯ ಖರ್ಚು ಹಸುವಿನ ಬೆಲೆಗಿಂತ ಹೆಚ್ಚಾಗುವಾಗ ಮನೆಯವರಿಗೆ ಅದನ್ನು ನೇರವಾಗಿ ಹೇಳುವುದು. ಪ್ರಾಣಿಪ್ರೀತಿ ಮಾತ್ರ ನೆಚ್ಚಿಕೊಂಡು ಬಂದವರು ಸೋಲುವುದು ಇಲ್ಲೇ ಎಂಬುದು ನಮ್ಮ ಅನಿಸಿಕೆ.

ಸೇರುವ ಮುನ್ನ ರಜೆಯಲ್ಲಿ ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ, ನಾಲ್ಕೈದು ಬೆಳಿಗ್ಗೆ ನಿಂತು ನೋಡಿ. ಚಪ್ಪಲಿ ಬೇಡ, ಶೂ ಹಾಕಿ. ಹಸು ಹಿಂಗಾಲನ್ನು ಮುಂದಕ್ಕೆ ತಂದು ಪಕ್ಕಕ್ಕೂ ಬೀಸಿ ಒದೆಯುತ್ತದೆ, ಹಾಗಾಗಿ ಭುಜದ ಹತ್ತಿರ ನಿಲ್ಲಿ.