ಹಳದಿ ಗೆರೆಯಿಂದ ಸುಲಿತದ ಅಂಗಳದವರೆಗೆ: ಆರು ತಿಂಗಳ ಕೆಲಸದ ಟಿಪ್ಪಣಿ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನ ಪ್ರೌಢಶಾಲೆಯ ಮಕ್ಕಳು ತಂಬಾಕು, ಮದ್ಯಗಳ ಕಡೆಗೆ ವಾಲದಂತೆ ಏನಾದರೂ ಮಾಡಬೇಕೆಂದು ನಾವು ನಾಲ್ಕು ಜನ 2025ರ ಜೂನ್ ತಿಂಗಳಲ್ಲಿ ಕೆಲಸ ಆರಂಭಿಸಿದೆವು. ನಿವೃತ್ತ ಗಣಿತ ಮೇಷ್ಟ್ರಾದ ನಾನು, ಊರಿನ ಆಶಾ ಕಾರ್ಯಕರ್ತೆ ಮತ್ತು ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು ಈ ತಂಡದಲ್ಲಿದ್ದೇವೆ. ಹಣವಿಲ್ಲ, ಕಚೇರಿಯಿಲ್ಲ, ಲೆಕ್ಕ ಬರೆದಿಡುವ ಹಳೆಯ ಅಭ್ಯಾಸ ಮಾತ್ರ ನನಗಿದೆ.

ಜೂನ್ 26

ಮಾದಕ ವಸ್ತುಗಳ ದುರ್ಬಳಕೆ ಮತ್ತು ಅಕ್ರಮ ಸಾಗಣೆಯ ವಿರುದ್ಧ ವಿಶ್ವಸಂಸ್ಥೆಯು 1987ರಲ್ಲಿ ಗೊತ್ತುಪಡಿಸಿದ ದಿನ ಇದಾದ್ದರಿಂದ ಮೊದಲ ಕಾರ್ಯಕ್ರಮವನ್ನು ಇಂದೇ ಇಟ್ಟುಕೊಂಡೆವು. ಬಾಯಿ ಕ್ಯಾನ್ಸರಿನ ಚಿತ್ರಗಳನ್ನು ತೋರಿಸಿ, ಕುಡಿತ ಬಿಟ್ಟವರೊಬ್ಬರಿಂದ ಅನುಭವ ಹೇಳಿಸಿದೆವು. ಚಿತ್ರಗಳು ಬಂದಾಗ ಹೆಣ್ಣುಮಕ್ಕಳು ಮುಖ ಮುಚ್ಚಿಕೊಂಡರು, ಹಿಂದಿನ ಬೆಂಚಿನ ಹುಡುಗರು ನಕ್ಕರು. ಅನುಭವ ಹೇಳಿದವರನ್ನು ಆಮೇಲೆ ಸುತ್ತುವರಿದ ಹುಡುಗರು ಕೇಳಿದ್ದು ಬಿಟ್ಟದ್ದು ಹೇಗೆ ಎಂದಲ್ಲ, ಕುಡಿದಾಗ ಹೇಗಿರುತ್ತದೆ ಎಂದು.

ಮನೆಗೆ ಬಂದು ಓದಿದ ಮೇಲೆ ನಾಚಿಕೆಯಾಯಿತು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಹಾಗೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪರಿಷ್ಕರಿಸಿ ಹೊರತಂದ ತಡೆಗಟ್ಟುವಿಕೆಯ ಮಾನದಂಡಗಳಲ್ಲಿ, ಬರೀ ಭಾಷಣ, ಬರೀ ಹೆದರಿಕೆ, ಬರೀ ಹಳೆಯ ವ್ಯಸನಿಗಳ ಸಾಕ್ಷ್ಯ, ಇವು ಫಲ ಕೊಡುವುದಿಲ್ಲ, ಕೆಲವೊಮ್ಮೆ ತಿರುಗುಬಾಣವೂ ಆಗುತ್ತವೆ ಎಂಬ ಎಚ್ಚರಿಕೆಯಿದೆ. ಒಂದೇ ಬೆಳಿಗ್ಗೆ ಮೂರನ್ನೂ ಮಾಡಿ ಮುಗಿಸಿದ್ದೆವು. ತಂದೆತಾಯಿಗಳ ಜೊತೆಗಿನ ಕೆಲಸಕ್ಕೆ ಹೆಚ್ಚು ಆಧಾರವಿದೆ ಎಂದೂ ಅಲ್ಲಿಯೇ ಇತ್ತು. ಆದರೆ ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಜುಲೈ 19

ಶಾಲೆಯ 100 ಗಜದ ಒಳಗೆ ತಂಬಾಕು ಮಾರಬಾರದು ಎಂಬುದು ತಂಬಾಕು ನಿಯಂತ್ರಣದ ಕೇಂದ್ರ ಕಾನೂನಾದ 2003ರ ಕೋಟ್ಪಾ ಕಾಯ್ದೆಯ ನಿಯಮ. ಆ ಮಿತಿಯಲ್ಲಿ ಹಳದಿ ಗೆರೆ ಎಳೆಯಬೇಕೆಂದು ತಂಬಾಕುಮುಕ್ತ ಶಾಲೆಗಳ ಮಾರ್ಗಸೂಚಿ ಹೇಳುತ್ತದೆ. ಗೇಟಿನ ಕೆಳಗಿನ ತಿರುವಿನಲ್ಲಿರುವ ಅಂಗಡಿಯ ಅಕ್ಕನಿಗೆ ಇದು ಮೊದಲೇ ಗೊತ್ತಿತ್ತು. "ಮೇಷ್ಟ್ರೇ, ರಸ್ತೆ ಹಿಡಿದು ಅಳೀರಿ, ನೂರು ಗಜ ಯಾವಾಗ್ಲೋ ದಾಟ್ತದೆ" ಎಂದರು. ಅಳೆದೆವು, ರಸ್ತೆಯ ಮೇಲೆ 118 ಮೀಟರ್ ಬಂತು. 100 ಗಜವೆಂದರೆ 91 ಮೀಟರ್ ಚಿಲ್ಲರೆ, ಆದ್ದರಿಂದ ಅವರ ಮಾತು ಸರಿಯೇ. ಆದರೆ ನಿಯಮದ ಪ್ರಕಾರ ಅಳೆಯಬೇಕಾದದ್ದು ಕಾಂಪೌಂಡಿನ ಹೊರ ಅಂಚಿನಿಂದ ನೇರವಾಗಿ, ಎಂದರೆ ವೃತ್ತದ ತ್ರಿಜ್ಯದಂತೆ. ಒಂಬತ್ತನೆಯ ತರಗತಿಯ ಮಕ್ಕಳು ಬಾವಿಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ಜಿಟಿಜಿಟಿ ಮಳೆಯಲ್ಲಿ ನಡುವಿನ ತೋಟದೊಳಗೆ ಅಡಿಕೆ ಮರಗಳನ್ನು ತಪ್ಪಿಸುತ್ತ ಹಗ್ಗ ಹಿಡಿದುಕೊಂಡು ಹೋದರು. ಎಂಬತ್ತಮೂರನೆಯ ಗಂಟಿಗೆ ಅಂಗಡಿಯ ಗೋಡೆ ಸಿಕ್ಕಿತು. ನಲವತ್ತು ವರ್ಷ ವೃತ್ತದ ಪಾಠ ಮಾಡಿದ್ದೇನೆ. ಇಷ್ಟು ಮನಸ್ಸಿಟ್ಟು ಕೇಳಿದ ತರಗತಿ ಇನ್ನೊಂದಿಲ್ಲ.

ಅಕ್ಕ ಜಗಳವಾಡಲಿಲ್ಲ. ನೇತುಹಾಕಿದ್ದ ಪಾಕೀಟುಗಳ ಸರವನ್ನು ಅಲ್ಲಿಯೇ ಬಿಚ್ಚಿದರು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದಲೇ ನಿಷೇಧವಾಗಿರುವುದರಿಂದ ಆ ಸರದಲ್ಲಿ ಇದ್ದದ್ದು ಎರಡು ಬಗೆಯ ಪಾಕೀಟು: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಅಂಗೈಗೆ ಸುರಿದುಕೊಂಡು ಬೆರೆಸಿದರೆ ನಿಷೇಧವಾದದ್ದೇ ಮತ್ತೆ ತಯಾರು. ವ್ಯಾಪಾರ ಎಷ್ಟು ಕಡಿಮೆಯಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಆಗಸ್ಟ್ 8

ಗೆರೆ ಎಳೆದಾಯಿತು. ಮಳೆಗಾಲದಲ್ಲಿ ಬಣ್ಣ ನಿಲ್ಲದೆ ಎರಡು ಸಲ ಎಳೆಯಬೇಕಾಯಿತು. ಅಂಗಡಿಗಳಿಗೆ ಬರೆಸಿಕೊಟ್ಟ ಫಲಕದಲ್ಲಿ 18 ವರ್ಷದೊಳಗಿನವರಿಗೆ ಮಾರಾಟವಿಲ್ಲ ಎಂದಿತ್ತು. ಈ ವರ್ಷ ಮೇ ಕೊನೆಗೆ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಲ್ಲಿ ಆ ವಯಸ್ಸು 21ಕ್ಕೆ ಏರಿರುವುದನ್ನು ನಾವು ಗಮನಿಸಿಯೇ ಇರಲಿಲ್ಲ. ಖರ್ಚು ನನ್ನ ಪಿಂಚಣಿಯಿಂದ ಹೋಯಿತು.

ಸೆಪ್ಟೆಂಬರ್ 13

ಹೆಸರಿಲ್ಲದ ಚೀಟಿಗಳಲ್ಲಿ ಒಂದೇ ಪ್ರಶ್ನೆ ಕೇಳಿದೆವು: ತಂಬಾಕನ್ನೋ ಮದ್ಯವನ್ನೋ ನೀವು ಮೊದಲು ಕೈಯಲ್ಲಿ ಹಿಡಿದದ್ದು ಎಲ್ಲಿ? ಗೆಳೆಯರ ಹೆಸರು ಬರುತ್ತದೆಂದು ಕಾದಿದ್ದ ನಮಗೆ ಹೆಚ್ಚಿನ ಚೀಟಿಗಳಲ್ಲಿ ಮನೆಯೇ ಕಂಡಿತು. "ಅಪ್ಪಯ್ಯನಿಗೆ ಬೀಡಿ ತರುವಾಗ." "ಅಜ್ಜನ ಕವಳದ (ಎಲೆಅಡಿಕೆ, ತಂಬಾಕಿನ) ತಟ್ಟೆಯಿಂದ." "ಮಾವನ ಮದುವೆಯಲ್ಲಿ, ಗ್ಲಾಸಿಗೆ ಸುರಿದುಕೊಟ್ಟದ್ದು ನಾನೇ."

ಮಕ್ಕಳಿಗೆ ಮದ್ಯ, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಅಂಗಡಿಯವರಿಗೆ ಓದಿ ಹೇಳಲು ಈ ಕಲಮನ್ನು ಉರುಹೊಡೆದಿದ್ದೆ. ಅಜ್ಜಂದಿರಿಗೆ ಓದುವುದು ಹೇಗೆ? ಅದಕ್ಕಿಂತ ದೊಡ್ಡ ಇಕ್ಕಟ್ಟು ಅಡಿಕೆಯದು. ತಂಬಾಕು ಸೇರದ ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಈ ಊರಿನ ಮಕ್ಕಳ ಪುಸ್ತಕ, ಸಮವಸ್ತ್ರ, ಮುಂದಿನ ಕಾಲೇಜಿನ ಫೀಸು ಎಲ್ಲವೂ ಬರುವುದು ಅದೇ ಅಡಿಕೆಯಿಂದ. ನನ್ನದೂ ಎರಡು ಎಕರೆ ತೋಟವಿದೆ. ತಂಡದಲ್ಲಿ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು. ಬೆಳೆಯ ಬಗ್ಗೆ ಮಾತಾಡುವುದಿಲ್ಲ, ಮಕ್ಕಳ ಬಾಯಿಗೆ ಹೋಗುವುದರ ಬಗ್ಗೆ ಮಾತ್ರ ಮಾತಾಡುತ್ತೇವೆ ಎಂದು ತೀರ್ಮಾನಿಸಿದೆವು. ಅದು ಪೂರ್ತಿ ಪ್ರಾಮಾಣಿಕ ತೀರ್ಮಾನವೇ ಎಂಬ ಅನುಮಾನ ನನಗೆ ಈಗಲೂ ಇದೆ.

ಅಕ್ಟೋಬರ್

ಪೋಷಕರ ಸಭೆಯನ್ನು ಮೂರು ಸಲ ಕರೆದೆವು. ತಾಯಂದಿರು ಬಂದರು, ತಂದೆಯರಲ್ಲಿ ಇಬ್ಬರು ಬಂದರು, ಅವರಲ್ಲೊಬ್ಬರು ನಿದ್ದೆ ಮಾಡಿದರು.

ನವೆಂಬರ್ 15

ಈಗ ಅಡಿಕೆಯ ಕೊನೆ, ಎಂದರೆ ಗೊನೆ, ಕೊಯ್ಯುವ ಕಾಲ. ಮರ ಹತ್ತುವ ಕೊನೆಗೌಡರು ಹಗಲು ಇಳಿಸಿದ ಹಸಿ ಅಡಿಕೆಯನ್ನು ಬೇಯಿಸುವ ಮೊದಲು ಸುಲಿಯಲೇಬೇಕಾದ್ದರಿಂದ ರಾತ್ರಿ ಹತ್ತರವರೆಗೂ ಮನೆಮಂದಿಯೆಲ್ಲ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ. ಸಭೆಯನ್ನು ಅಲ್ಲಿಗೇ ಒಯ್ಯೋಣ ಎಂದವರು ಆಶಾ ಕಾರ್ಯಕರ್ತೆ. ನಾವೂ ಒಂದೊಂದು ಮೆಟ್ಟುಗತ್ತಿ ಹಿಡಿದು ಕುಳಿತೆವು. ನಮ್ಮದು ಒಂದೇ ಕಟ್ಟುಪಾಡು: ಮಕ್ಕಳು ಮಾತಾಡುವಾಗ ದೊಡ್ಡವರು ನಡುವೆ ಬಾಯಿ ಹಾಕಬಾರದು.

ಸಭಾಂಗಣದಲ್ಲಿ ಆಗದದ್ದು ಇಲ್ಲಿ ಆಗುವುದಕ್ಕೆ ಕಾರಣ ಬಹುಶಃ ಕಣ್ಣು. ಎಲ್ಲರ ದೃಷ್ಟಿಯೂ ಕತ್ತಿಯ ಬಾಯಿಯ ಮೇಲಿರುತ್ತದೆ. ತಪ್ಪಿದರೆ ಬೆರಳು ಹೋಗುತ್ತದೆ. ಮಗ ಅಪ್ಪಯ್ಯನ ಮುಖ ನೋಡಬೇಕಿಲ್ಲ, ಅಪ್ಪಯ್ಯ ಮಗನ ಮುಖ ನೋಡಬೇಕಿಲ್ಲ. ಇಂದು ಹತ್ತನೆಯ ತರಗತಿಯ ಹುಡುಗನೊಬ್ಬ ಸಿಪ್ಪೆ ಬಿಡಿಸುತ್ತಲೇ, "ನೀವು ಕುಡಿದು ಬಂದ ದಿನ ನಾನು ಓದ್ತಾ ಇರಲ್ಲ ಅಪ್ಪಯ್ಯ, ಪುಸ್ತಕ ಹಿಡ್ಕೊಂಡು ಕೂತಿರ್ತೀನಿ ಅಷ್ಟೆ" ಎಂದ. ಅಡಿಕೆ ಡಬ್ಬಕ್ಕೆ ಬೀಳುವ ಟಕಟಕ ಸದ್ದು ಸ್ವಲ್ಪ ಹೊತ್ತು ಒಂದು ಕಡೆಯಿಂದ ನಿಂತಿತು. ತಂದೆ ಉತ್ತರ ಕೊಡಲಿಲ್ಲ. ಕವಳದ ತಟ್ಟೆ ಸುತ್ತು ಬಂದಾಗ ಮಾತ್ರ ಅದನ್ನು ಮಗನನ್ನು ದಾಟಿಸಿ ಪಕ್ಕದವರಿಗೆ ಕೊಟ್ಟರು.

ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಈ ಉಪಾಯ ಸಾಗದು. ಆ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ.

ಡಿಸೆಂಬರ್ 20

ಆರು ಅಂಗಳಗಳು ಮುಗಿದಿವೆ. ಮಾತಿನಿಂದ ಮುಂದೆ ಹೋಗಬೇಕಾದವರಿಗೆ ದಾರಿಯನ್ನೂ ಹೇಳುತ್ತಿದ್ದೇವೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ; ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ವ್ಯಸನಮುಕ್ತಿಗೆಂದೇ ಇರುವ 14446 ಎರಡೂ ಉಚಿತ ಕರೆಗಳು. ಮನೆಯ ಹೆಂಗಸರು ಈ ಸಂಖ್ಯೆಗಳನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಕಂಡೆ. ಆ ಹುಡುಗನ ತಂದೆ ಧರ್ಮಸ್ಥಳದ ಜನಜಾಗೃತಿ ವೇದಿಕೆ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರ ಹತ್ತಿರದಲ್ಲಿ ಯಾವಾಗ ಇದೆ ಎಂದು ವಿಚಾರಿಸಿದ್ದಾರೆ, ನೇರವಾಗಿ ಅಲ್ಲ, ಆಶಾ ಕಾರ್ಯಕರ್ತೆಯ ಮೂಲಕ. ಸೇರುತ್ತಾರೋ ಇಲ್ಲವೋ, ನಾವು ಮೇಲೆಬಿದ್ದು ಕೇಳುವುದಿಲ್ಲ.

ನಿನ್ನೆ ಅಂಗಡಿಯ ಅಕ್ಕ ಸಿಕ್ಕಿದ್ದರು. ತಂಬಾಕಿನ ಜಾಗದಲ್ಲಿ ಈಗ ಚಕ್ಕುಲಿ ಇಟ್ಟಿದ್ದಾರೆ, ಅಷ್ಟಾಗಿ ಹೋಗುತ್ತಿಲ್ಲವಂತೆ. "ನಮ್ಮನೇಲಿ ತೋಟವೂ ಇಲ್ಲ, ಸುಲಿತವೂ ಇಲ್ಲ. ಹಂಗಂತ ನಮ್ಮನೆ ಬಿಟ್ಟುಬಿಡ್ತೀರಾ ಮೇಷ್ಟ್ರೇ?" ಎಂದು ಕೇಳಿದರು. ಶನಿವಾರ ಅಂಗಡಿ ಮುಚ್ಚಿದ ಮೇಲೆ ಅವರ ಜಗುಲಿಯಲ್ಲಿ ಸೇರುತ್ತೇವೆ. ಸುಲಿಯಲು ಅವರೆಕಾಯಿ ತರುವ ಜವಾಬ್ದಾರಿ ನನ್ನದು.