ಗುಳಿಗೆ ಎಲ್ಲಾ ನುಂಗಿದೆ, ಟೈಫಾಯಿಡ್ ಮತ್ತೆ ಯಾಕೆ ಬಂತು?

ಕಲಬುರಗಿಯ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೇಸಿಗೆಯಲ್ಲಿ ಸೂಜಿ ಚುಚ್ಚುವ ಮೊದಲೇ ಈ ಪ್ರಶ್ನೆ ಬರುತ್ತದೆ: "ಒಂದು ಗುಳಿಗೀನೂ ಬಿಟ್ಟಿಲ್ರೀ, ಹದಿನೈದು ದಿನಕ್ಕ ಮತ್ತ ಜ್ವರ ಯಾಕ ಬಂತು?" ಕೇಳುವಾಗಲೇ ಡಾಕ್ಟರ್ ಮೇಲೆ ಅರ್ಧ ಸಿಟ್ಟು ಇರುತ್ತದೆ.

ನಮ್ಮಜ್ಜಿ ಇದನ್ನು ಮುದ್ದತಿನ ಜ್ವರ ಅನ್ನುತ್ತಿದ್ದಳು. ಮುದ್ದತು ಮುಗಿದರೂ ಒಕ್ಕಲು ಬಿಡದ ಜ್ವರ ಇದು.

ಟೈಫಾಯಿಡ್ ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಟೈಫಿ ಕರುಳು ದಾಟಿ ಒಳಗೆ ಬಂದಾಗ, ದೇಹ ಕಾಯುವ ಮ್ಯಾಕ್ರೋಫೇಜ್ ಅನ್ನುವ ಕಣ ಅದನ್ನು ನುಂಗುತ್ತದೆ. ನುಂಗಿದ್ದನ್ನು ಒಂದು ಚೀಲದಲ್ಲಿಟ್ಟು ಆಮ್ಲ ಸುರಿದು ಕರಗಿಸುವುದು ಆ ಕಣದ ಪದ್ಧತಿ. ಸಾಲ್ಮೊನೆಲ್ಲಾಗೆ ಆ ಹುಳಿಯೇ ಸುಳಿವು. ಸೂಜಿಯಂಥ ಒಂದು ಅಂಗದಿಂದ ತನ್ನ ಪ್ರೋಟೀನುಗಳನ್ನು ಚೀಲದ ಆಚೆಗೆ ಚುಚ್ಚಿ, ಅದೇ ಚೀಲವನ್ನು ಬದುಕಲು ಬರುವ ಮನೆ ಮಾಡಿಕೊಳ್ಳುತ್ತದೆ. ಅಲ್ಲೇ ಕೂತು ಯಕೃತ್ತು, ಗುಲ್ಮ, ಮೂಳೆಮಜ್ಜೆವರೆಗೂ ಹೋಗುತ್ತದೆ. ಕೊಲ್ಲಲು ಬಂದವನೇ ಗಾಡಿ!

ಹೋಗಲಿ, ಗುಳಿಗೆ ಅಲ್ಲಿಗೂ ತಲುಪುತ್ತದಲ್ಲ? ತಲುಪುತ್ತದೆ. ಆದರೆ ತೊಗರಿ ಹೊಲದಲ್ಲಿ ಎಡೆ ಹೊಡೆದವರಿಗೆ ಗೊತ್ತು, ಕುಂಟೆಗೆ ಸಿಗುವುದು ಮೊಳೆತ ಕಸ ಮಾತ್ರ, ನೆಲದೊಳಗೆ ಮಲಗಿದ ಬೀಜ ಅಲ್ಲ. ಆಂಟಿಬಯೋಟಿಕ್ ಕೂಡ ಹೆಚ್ಚಾಗಿ ಬೆಳೆಯುವ ಬ್ಯಾಕ್ಟೀರಿಯಾಗೇ ಹೊಡೆಯುತ್ತದೆ. ಕೆಲವು ಸಾಲ್ಮೊನೆಲ್ಲಾಗಳು ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಮಲಗುತ್ತವೆ. ಔಷಧ ನಿಂತ ಮೇಲೆ ಎದ್ದರೆ ಮತ್ತೆ ಜ್ವರ. ಇವಕ್ಕೆ ಪರ್ಸಿಸ್ಟರ್ ಅಂತ ಹೆಸರು. 1944ರಲ್ಲಿ ಜೋಸೆಫ್ ಬಿಗ್ಗರ್ ಅನ್ನುವ ವಿಜ್ಞಾನಿ ಬೇರೊಂದು ಬ್ಯಾಕ್ಟೀರಿಯಾಗೆ ಪೆನಿಸಿಲಿನ್ ಹಾಕಿ ನೋಡುವಾಗ, ಸಾಯದೆ ಉಳಿದವಕ್ಕೆ ಕೊಟ್ಟ ಹೆಸರದು. ಉಳಿದವುಗಳ ಮಕ್ಕಳು ಅದೇ ಔಷಧಕ್ಕೆ ಮತ್ತೆ ಸಾಯುತ್ತವೆ. ಹಾಗಾಗಿ ಇದು ಔಷಧಕ್ಕೆ ಬಗ್ಗದ ತಳಿಯ ಕಥೆ ಅಲ್ಲ. ಅದೂ ನಮ್ಮ ದೇಶದಲ್ಲಿ ಇದೆ, ಆದರೆ ಅದು ಬೇರೆ.

ಪಿತ್ತಕೋಶ ಇನ್ನೂ ಕೆಟ್ಟ ಜಾಗ. ಅಲ್ಲಿ ಕಲ್ಲಿದ್ದರೆ ಅದರ ಮೇಲೆ ಸಾಲ್ಮೊನೆಲ್ಲಾ ಲೋಳೆಯ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಇರುತ್ತದೆ. ಟೈಫಾಯಿಡ್ ಆದ ನೂರು ಮಂದಿಯಲ್ಲಿ ಒಬ್ಬರಿಂದ ಐವರವರೆಗೆ ಹೀಗೆ ಹೊತ್ತು ತಿರುಗುತ್ತಾರೆ, ಅವರಿಗೆ ಜ್ವರವೂ ಇರುವುದಿಲ್ಲ. ಹೀಗೆ ಹೊತ್ತು ತಿರುಗಿ, ಗೊತ್ತಿಲ್ಲದೆ ಉಂಡವರಿಗೆ ಟೈಫಾಯಿಡ್ ಹಂಚಿದ ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮಲಾನ್‌ಳನ್ನು 1907ರಲ್ಲಿ ಹಿಡಿದು ಕೂಡಿಹಾಕಿ, ಬಿಟ್ಟು, 1915ರಲ್ಲಿ ಮತ್ತೆ ಕೂಡಿಹಾಕಿದರು. 1938ರಲ್ಲಿ ಸಾಯುವವರೆಗೂ ಬಿಡಲಿಲ್ಲ. ನನಗೇನೂ ಆಗಿಲ್ಲ ಅಂತ ಆಕೆ ವಾದಿಸಿದ್ದು ಸುಳ್ಳಲ್ಲ, ಪಾಪ. ಆಗ ಆಂಟಿಬಯೋಟಿಕ್ಕೇ ಇರಲಿಲ್ಲ. ಈಗ ಇಂಥವರಿಗೆ ವಾರಗಟ್ಟಲೆ ಔಷಧ ಕೊಡುತ್ತಾರೆ, ಕೆಲವರಿಗೆ ಪಿತ್ತಕೋಶವನ್ನೇ ತೆಗೆಯುತ್ತಾರೆ.

ಇಷ್ಟೆಲ್ಲ ಹೇಳಿದರೂ, ನಮ್ಮಲ್ಲಿಗೆ "ಮತ್ತೆ ಬಂತು" ಅಂತ ಬರುವವರೆಲ್ಲರದೂ ಹಳೆಯ ಟೈಫಾಯಿಡ್ ಅಲ್ಲ. ಕೆಲವರಿಗೆ ನೀರಿನಿಂದ ಹೊಸದೇ ಬಂದಿರುತ್ತದೆ. ಇನ್ನು ಕೆಲವರ ಕೈಯಲ್ಲಿ ಇರುವುದು ಬರೀ ವಿಡಾಲ್ ರಿಪೋರ್ಟ್. ಆ ಪರೀಕ್ಷೆ ನೋಡುವುದು ರೋಗದ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ, ಅದು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಇರಬಹುದು. ಗುಳಿಗೆ ಶುರು ಮಾಡುವ ಮೊದಲು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ಕೊಟ್ಟರೆ ಬ್ಯಾಕ್ಟೀರಿಯಾನೇ ಸಿಗಬಹುದು, ಯಾವ ಔಷಧ ನಾಟುತ್ತದೆ ಅಂತಲೂ ತಿಳಿಯುತ್ತದೆ. ರಿಪೋರ್ಟಿಗೆ ಎರಡು-ಮೂರು ದಿನ ಬೇಕು ಅಂದ ಕೂಡಲೇ, "ವಿಡಾಲೇ ಮಾಡ್ರಿ, ಸಂಜಿಗೆ ಬೇಕು" ಅನ್ನುವವರೇ ಜಾಸ್ತಿ.