ಆವಿಲಾಕ್ಕೆ ಹೋಗುತ್ತೀರಾ? ಕೋಟೆಗಿಂತ ಮೊದಲು ಮಠ ನೋಡಿ

ಸ್ಪೇನ್‌ನ ಮ್ಯಾಡ್ರಿಡ್‌ಗೆ ಹೋದವರಲ್ಲಿ ಬಹಳ ಜನ ಹತ್ತಿರದ ಆವಿಲಾಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬಂದುಬಿಡುತ್ತಾರೆ. ಕೋಟೆ ಗೋಡೆಯ ಮೇಲೆ ಒಂದು ಸುತ್ತು, ನಾಲ್ಕು ಫೋಟೋ, ಒಂದು ಡಬ್ಬಿ ಸಿಹಿ, ಅಷ್ಟೇ. ನೀವು ಸಂತ ತೆರೇಸಾ ಅವರಿಗೋಸ್ಕರ ಹೋಗುವವರಾದರೆ ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಉಳಿಯಿರಿ. ಮತ್ತೆ, ಊರನ್ನು ನಕ್ಷೆಯ ಪ್ರಕಾರ ಸುತ್ತದೆ ಅವರ ಮಠದ ಬದುಕಿನ ಕ್ರಮದಲ್ಲಿ ಸುತ್ತಿ. ನಾವು ಹಾಗೆ ಸುತ್ತಿದ್ದಕ್ಕೇ ಊರು ಅರ್ಥವಾಯಿತು.

ತೆರೇಸಾ ಅಂದ ಕೂಡಲೇ ನಮಗೆ ಕೋಲ್ಕತ್ತಾದ ಮದರ್ ತೆರೇಸಾ ನೆನಪಾಗುತ್ತಾರೆ ಅಲ್ವಾ? ಇವರು ಅವರಿಗಿಂತ ಸುಮಾರು 400 ವರ್ಷ ಹಿಂದಿನವರು. ಹುಟ್ಟಿದ್ದು 1515ರಲ್ಲಿ. ಇಪ್ಪತ್ತರ ವಯಸ್ಸಿನಲ್ಲಿ ಕಾರ್ಮೆಲ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಮಠ ಸೇರಿದರು. ಮುಂದೆ ಆ ಸಭೆಯನ್ನೇ ಸುಧಾರಿಸಲು ಹೊರಟು, ಎತ್ತಿನ ಬಂಡಿ, ಹೇಸರಗತ್ತೆಗಳಲ್ಲಿ ಊರೂರು ಅಲೆದು 17 ಮಠ ಕಟ್ಟಿದರು. 1970ರಲ್ಲಿ ‘ಧರ್ಮಸಭೆಯ ಪಂಡಿತೆ’ ಅನ್ನುವ, ದೊಡ್ಡ ಬೋಧಕ ಸಂತರಿಗೆ ಕ್ಯಾಥೊಲಿಕ್ ಚರ್ಚು ಕೊಡುವ ಗೌರವ ಸಿಕ್ಕ ಮೊದಲ ಮಹಿಳೆ ಅವರೇ.

ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಬಸ್ಸೂ ಇದೆ. ಊರು ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಮ್ಯಾಡ್ರಿಡ್‌ನಲ್ಲಿ ಬಿಸಿಲಿದ್ದರೂ ಇಲ್ಲಿ ಸಂಜೆ ಚಳಿ ಹೊಡೆಯುತ್ತದೆ, ಸ್ವೆಟರ್ ಬಿಡಬೇಡಿ. ಬೀದಿಗಳೆಲ್ಲ ಕಲ್ಲು ಹಾಸಿದವು, ಏರು ಇಳಿಜಾರು ಜಾಸ್ತಿ. ವಯಸ್ಸಾದವರ ಜೊತೆ ಹೋಗುವುದಾದರೆ ಒಳ್ಳೆ ಶೂ ಇರಲಿ.

ಮೊದಲು ಹೋಗಬೇಕಾದದ್ದು ಕೋಟೆಯ ಹೊರಗೆ, ಉತ್ತರ ದಿಕ್ಕಿನಲ್ಲಿರುವ ಎನ್‌ಕಾರ್ನಾಸಿಯೋನ್ ಮಠಕ್ಕೆ. ತೆರೇಸಾ 1535ರಲ್ಲಿ ಸೇರಿದ್ದು ಇಲ್ಲಿಗೇ. ಇವತ್ತಿಗೂ ಸನ್ಯಾಸಿನಿಯರು ಒಳಗೆ ಇದ್ದಾರೆ. ಒಂದು ಭಾಗ ಮಾತ್ರ ವಸ್ತುಸಂಗ್ರಹಾಲಯ. ಅವರ ಕಾಲದಲ್ಲಿ ಇಲ್ಲಿ 150ಕ್ಕೂ ಹೆಚ್ಚು ಹೆಂಗಸರಿದ್ದರು. ಶ್ರೀಮಂತರ ಮನೆಯಿಂದ ಬಂದವರಿಗೆ ದೊಡ್ಡ ಕೋಣೆ, ಸೇವಕಿಯರು. ಬಡವರ ಮನೆಯವರಿಗೆ ಸಾಮೂಹಿಕ ಮಲಗುವ ಕೋಣೆ. ಭೇಟಿ ಕೋಣೆಯಲ್ಲಿ ಇಡೀ ದಿನ ಊರಿನ ಹರಟೆ. ಆ ಭೇಟಿ ಕೋಣೆಯ ಕಂಬಿಕಿಂಡಿ ನೋಡುವಾಗ ಈ ಮಾತು ನೆನಪಿಟ್ಟುಕೊಳ್ಳಿ. ಸುಧಾರಣೆ ಯಾಕೆ ಬೇಕಾಯಿತು ಅನ್ನುವುದು ಅಲ್ಲೇ ತಿಳಿಯುತ್ತದೆ.

ಅಲ್ಲಿ ಎರಡು ವಸ್ತುಗಳನ್ನು ತಪ್ಪಿಸಬೇಡಿ. ಒಂದು, ಅವರು ತಲೆದಿಂಬಾಗಿ ಇಟ್ಟುಕೊಳ್ಳುತ್ತಿದ್ದ ಮರದ ತುಂಡು. ಇನ್ನೊಂದು, ಸುಧಾರಣೆಯಲ್ಲಿ ಅವರ ಜೊತೆಗಾರರಾಗಿದ್ದ ಸನ್ಯಾಸಿ, ಕವಿ ‘ಶಿಲುಬೆಯ ಸಂತ ಜಾನ್’ ಬಿಡಿಸಿದ ರೇಖಾಚಿತ್ರ. 1571ರಲ್ಲಿ ತೆರೇಸಾ ಈ ಮಠಕ್ಕೇ ಮುಖ್ಯಸ್ಥೆಯಾಗಿ ವಾಪಸ್ ಬಂದರು. ಪಾಪನಿವೇದನೆ ಕೇಳಲು ಜಾನ್ ಅವರನ್ನು ಕರೆಸಿಕೊಂಡರು. ಚಿತ್ರ ಆ ವರ್ಷಗಳದ್ದು. ಅಂಗೈಗಿಂತ ಚಿಕ್ಕದು, ಸುಮ್ನೆ ನಡೆದರೆ ಕಣ್ಣಿಗೇ ಬೀಳುವುದಿಲ್ಲ. ಹತ್ತಿರ ಬಗ್ಗಿ ನೋಡಿ. ಶಿಲುಬೆಯ ಮೇಲಿರುವ ಕ್ರಿಸ್ತನನ್ನು ಮೇಲಿನಿಂದ, ಓರೆಯಾಗಿ ನೋಡಿದ ಹಾಗಿದೆ. ತಲೆ ಮುಂದಕ್ಕೆ ಜೋತಿದೆ, ಇಡೀ ಮೈಭಾರ ಕೈಗಳ ಮೇಲೆ ಬಿದ್ದಿದೆ. ಸಾಲ್ವಡೋರ್ ಡಾಲಿ 1951ರಲ್ಲಿ ತನ್ನ ಪ್ರಸಿದ್ಧ ಶಿಲುಬೆ ಚಿತ್ರ ಬರೆದದ್ದು ಇದನ್ನು ನೋಡಿಯೇ. ನಾನು ಈ ಚಿತ್ರದ ಮುಂದೆ ನಿಂತಷ್ಟು ಹೊತ್ತು ಆವಿಲಾದಲ್ಲಿ ಬೇರೆಲ್ಲೂ ನಿಲ್ಲಲಿಲ್ಲ.

ಇಲ್ಲಿಂದ ಬಸ್ಸು, ಟ್ಯಾಕ್ಸಿ ಹಿಡಿಯದೆ, ತೆರೇಸಾ ಕಟ್ಟಿದ ಮೊದಲ ಮಠವಾದ ಸಾನ್ ಹೊಸೆಗೆ ನಡೆದೇ ಹೋಗಿ. ಅರ್ಧ ಗಂಟೆಯೊಳಗಿನ ದಾರಿ. ತೆರೇಸಾ ಅವರಿಗೆ ಈ ದಾರಿ ಸವೆಸಲು 27 ವರ್ಷ ಬೇಕಾಯಿತು. 1562ರ ಆಗಸ್ಟ್ 24ರಂದು ನಾಲ್ಕು ಜನ ಹುಡುಗಿಯರೊಂದಿಗೆ ಈ ಪುಟ್ಟ ಮಠ ಶುರುವಾಯಿತು. ಖಾಯಂ ಆದಾಯ ಬೇಡ, ಸೇವಕಿಯರು ಬೇಡ, ಮನೆತನದ ದೊಡ್ಡಸ್ತಿಕೆ ಬೇಡ, ಕಾಲಿಗೆ ನಾರಿನ ಚಪ್ಪಲಿ ಸಾಕು. ಊರಿನ ಆಡಳಿತ ಮಂಡಳಿ ಸಿಟ್ಟಾಯಿತು. ಆದಾಯವಿಲ್ಲದ ಮಠವನ್ನು ಊರು ಸಾಕಬೇಕಲ್ಲ ಅಂತ ವ್ಯಾಜ್ಯ ಹೂಡಿತು. ಮನೆತನದ ಮಾತು ಯಾಕೆ ಮುಖ್ಯ ಅಂದರೆ, ತೆರೇಸಾ ಅವರ ಅಜ್ಜ ಯಹೂದಿ ಮೂಲದಿಂದ ಕ್ರೈಸ್ತರಾದವರು, ಟೊಲೆಡೊದಲ್ಲಿ ಇನ್‌ಕ್ವಿಸಿಷನ್‌ನ, ಅಂದರೆ ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯ, ಅವಮಾನ ಉಂಡವರು. ‘ಶುದ್ಧ ರಕ್ತ’ದ ಹುಚ್ಚು ಹಿಡಿದಿದ್ದ ಆ ಸ್ಪೇನ್‌ನಲ್ಲಿ ಎಲ್ಲರೂ ಸಮ ಅಂತ ನಿಯಮ ಮಾಡುವುದು ಸಣ್ಣ ಧೈರ್ಯವಲ್ಲ.

ತೆರೇಸಾ ಹುಟ್ಟಿದ ಮನೆಯ ಜಾಗದಲ್ಲಿ ಕಟ್ಟಿದ ಚರ್ಚು ಕೋಟೆಯ ಒಳಗಿದೆ. ಪಕ್ಕದಲ್ಲಿ ಅವರ ಬೆರಳನ್ನು ಪೂಜ್ಯ ಅವಶೇಷವಾಗಿ ಇಟ್ಟಿದ್ದಾರೆ. ಜನ ಜಾಸ್ತಿ, ಬೇಗ ನೋಡಿ ಮುಗಿಸಬಹುದು. ಕೋಟೆ ಗೋಡೆ ಸುಮಾರು 2.5 ಕಿ.ಮೀ. ಸುತ್ತಳತೆ. ಮೇಲೆ ಹತ್ತಲು ಟಿಕೆಟ್ ಬೇಕು. ಪೂರ್ತಿ ನೋಟಕ್ಕೆ ಸಂಜೆ ಹೊಳೆಯಾಚೆಯ ಕ್ವಾತ್ರೊ ಪೋಸ್ತೆಸ್‌ಗೆ (ನಾಲ್ಕು ಕಂಬದ ನಡುವೆ ಶಿಲುಬೆ ಇರುವ ಜಾಗ) ಹೋಗಿ. ಹುತಾತ್ಮರಾಗಬೇಕೆಂದು ಅಣ್ಣನ ಜೊತೆ ಮನೆಬಿಟ್ಟು ಹೊರಟ ಪುಟ್ಟ ತೆರೇಸಾಳನ್ನು ಚಿಕ್ಕಪ್ಪ ಹಿಡಿದದ್ದು ಅಲ್ಲೇ ಅಂತ ಊರಿನವರು ಹೇಳುತ್ತಾರೆ.

ಹೊರಡುವ ಮೊದಲು ಅವರ ಆತ್ಮಕಥೆಯ ಒಂದು ಭಾಗವನ್ನಾದರೂ ಓದಿ. 11ನೇ ಅಧ್ಯಾಯದಿಂದ ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ನಾಲ್ಕು ರೀತಿಯಾಗಿ ವಿವರಿಸುತ್ತಾರೆ. ಬಾವಿಯಿಂದ ಸೇದುವುದು, ಚಕ್ರ ತಿರುಗಿಸಿ ಎತ್ತುವುದು, ಹೊಳೆಯಿಂದ ಹರಿಸುವುದು, ಕೊನೆಗೆ ಮಳೆ. ಮೊದಲು ನಮ್ಮ ದುಡಿಮೆ ಜಾಸ್ತಿ, ಬರುಬರುತ್ತಾ ಅದು ಕಡಿಮೆ. ಮಳೆ ಬಂದಾಗ ನಾವು ಮಾಡುವುದೇನೂ ಇಲ್ಲ. ಹೊಲ ಗದ್ದೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1577ರಲ್ಲಿ ಬರೆದ ‘ಒಳಗಿನ ಕೋಟೆ’ ಇದಕ್ಕಿಂತ ಆಳ. ಅದನ್ನು ವಾಪಸ್ ಬಂದ ಮೇಲೆ ನಿಧಾನವಾಗಿ ಓದಿ.

ಊಟದ ವಿಷಯ. ಮಧ್ಯಾಹ್ನ 2ರ ನಂತರ ಊಟ, ರಾತ್ರಿ 9ರ ನಂತರ. ಮಧ್ಯಾಹ್ನ ಹಲವು ಜಾಗಗಳು ಬಾಗಿಲು ಹಾಕುತ್ತವೆ, ಮಠಗಳ ಸಮಯ ಮೊದಲೇ ನೋಡಿಕೊಳ್ಳಿ. ಸಸ್ಯಾಹಾರಿಗಳೇ, ಇಲ್ಲಿನ ಹುರುಳಿಕಾಯಿ ಬೀಜದ ಸಾರು, ಆಲೂಗಡ್ಡೆ ಪದಾರ್ಥ ಎರಡರಲ್ಲೂ ಹಂದಿಮಾಂಸ ಇರುತ್ತದೆ. ಕೇಳಿಯೇ ತಿನ್ನಿ. ‘ಯೇಮಾ’ ಅನ್ನುವ ಹಳದಿ ಉಂಡೆ ಸಿಹಿ ಮೊಟ್ಟೆಯ ಹಳದಿಯಿಂದ ಮಾಡಿದ್ದು. ಅಕ್ಟೋಬರ್ 15ರ ತೆರೇಸಾ ಹಬ್ಬಕ್ಕೆ ಹೋಗುವವರು ರೂಮು ಬಹಳ ಮೊದಲೇ ಕಾಯ್ದಿರಿಸಿ.

ಮಂಗಳೂರಿನವರಿಗೆ ಒಂದು ಮಾತು. ತೆರೇಸಾ ಅವರ ನಿಯಮ ಪಾಲಿಸುವ ಸನ್ಯಾಸಿನಿಯರು 1870ರಲ್ಲೇ ಫ್ರಾನ್ಸ್‌ನಿಂದ ನಿಮ್ಮೂರಿಗೆ ಬಂದರು. ಆ ಗುಂಪಿನಲ್ಲಿದ್ದ ಮರಿಯಂ ಬವಾರ್ದಿ ವ್ರತ ತೊಟ್ಟದ್ದು ಮಂಗಳೂರಿನಲ್ಲೇ. 2015ರಲ್ಲಿ ಅವರೂ ಸಂತರಾದರು. ಆವಿಲಾಕ್ಕೆ ಹೊರಡುವ ಮೊದಲು ಊರಿನ ಕಾರ್ಮೆಲ್ ಮಠಕ್ಕೆ ಹೋಗಿ ಬನ್ನಿ.

ಸಮಯವಿದ್ದರೆ ಸಾಲಮಾಂಕಾ ಮೂಲಕ ಆಲ್ಬಾ ದೆ ತೋರ್ಮೆಸ್‌ಗೆ ಹೋಗಿ. ಸಾಲಮಾಂಕಾದಿಂದ ಸುಮಾರು 20 ಕಿ.ಮೀ., ಬಸ್ಸಿದೆ. ತೆರೇಸಾ ತೀರಿಕೊಂಡದ್ದು ಅಲ್ಲಿ, 1582ರ ಅಕ್ಟೋಬರ್ 4ರ ರಾತ್ರಿ. ಅದೇ ರಾತ್ರಿ ಸ್ಪೇನ್ ಹೊಸ ಕ್ಯಾಲೆಂಡರ್‌ಗೆ ಬದಲಾಯಿತು, ನಡುವಿನ ಹತ್ತು ದಿನ ಬಿಟ್ಟು ಮರುದಿನ ಅಕ್ಟೋಬರ್ 15. ಅದಕ್ಕೇ ಹಬ್ಬ ಆ ದಿನ. ಸಮಾಧಿ ಅಲ್ಲಿನ ಮಠದ ಚರ್ಚಿನಲ್ಲಿ, ಬಲಿಪೀಠದ ಮೇಲ್ಭಾಗದಲ್ಲಿ ಎತ್ತರದಲ್ಲಿದೆ. ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ಇಳಿದ ಕೂಡಲೇ ವಾಪಸ್ ಬಸ್ಸಿನ ಸಮಯ ಕೇಳಿಕೊಳ್ಳಿ.